ಹಳೆಯ ಜೋಡಿ ವಾಪಸು ಕೊಡತಕ್ಕದ್ದು

ಅಳತೆ ಮೇಸ್ತ್ರಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಕಾಲು ನೆನಪಿರುತ್ತಿತ್ತು. ಬೀದಿಯಲ್ಲಿ ಯಾರಾದರೂ ನಿಲ್ಲಿಸಿ "ಏನ್ ಮೇಸ್ತ್ರಿ, ಗುರುತು ಸಿಗಲಿಲ್ವಾ?" ಎಂದರೆ ಅವನು ಒಮ್ಮೆ ಕೆಳಗೆ ನೋಡಿ, "ಓಹೋ, ಎಡಗಾಲಿನ ಕಿರುಬೆರಳು ಒತ್ತುತ್ತೆ ಅಂತಿದ್ರಲ್ಲ, ನೀವೇ ಅಲ್ವಾ" ಎನ್ನುತ್ತಿದ್ದ. ಕೇಳಿದವರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯುತ್ತಿರಲಿಲ್ಲ. ಅವನ ಅಂಗಡಿ ಎರಡು ಕಟ್ಟಡಗಳ ನಡುವಿನ ಸಂದಿಗೆ ಬಾಗಿಲಿಟ್ಟಷ್ಟು ಅಗಲ. ಒಂದು ಗೋಡೆಯ ತುಂಬ ಮರದ ಅಚ್ಚುಗಳು, ಅಂದರೆ ಗಿರಾಕಿಗಳ ಒಬ್ಬೊಬ್ಬರ ಅಳತೆಗೆ ಕೆತ್ತಿದ ಮರದ ಪಾದಗಳು, ಜೋಡಿ ಜೋಡಿಯಾಗಿ ತೂಗುತ್ತಿದ್ದವು. ಅಳತೆ ಕೊಟ್ಟು ಶೂ ಹೊಲಿಸಿಕೊಳ್ಳುವವರು ಊರಲ್ಲಿ ಕಡಿಮೆಯಾಗಿದ್ದರೂ, ಅಂಗಡಿಯಲ್ಲಿ ಸಿಗುವ ಶೂ ಯಾವುದೂ ಹಿಡಿಸದ ಕಾಲುಗಳಿಗೇನು ಬರವೇ. ಅವನ ಕೈಗೆ ಕೆಲಸ ತಪ್ಪಿರಲಿಲ್ಲ.

ಇಂಥವನನ್ನು ಮದುವೆಯಾದವಳು ಬಟ್ಟೆ ಸರಿಮಾಡುವ ಕಸುಬಿನವಳು. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಹೊಲಿಗೆ ಕಾಣದಂತೆ ಹೊಲಿಯುವುದು ಅವಳ ಹೆಚ್ಚುಗಾರಿಕೆ. ಇಬ್ಬರದೂ ಒಂದೇ ಜಾಯಮಾನ. ಏನಾದರೂ ಕೆಟ್ಟರೆ ಕಂಡವರು ಬಾಯಿ ಬಿಡದೆ ಸರಿಮಾಡಿ ಇಟ್ಟುಬಿಡುವುದು. ಅವಳಿಗೆ ಬೇಸರವಾದರೆ ಅವನು ಅವಳ ಚಪ್ಪಲಿಗೆ ಹೊಸ ಬಾರು ಹಾಕಿಡುತ್ತಿದ್ದ. ಅವನಿಗೆ ಕೋಪ ಬಂದರೆ ಅವಳು ಅವನ ಅಂಗಿಗೆ ಗುಂಡಿ ಹೊಲಿದಿಡುತ್ತಿದ್ದಳು. ಎಂಟು ವರ್ಷ ಹೀಗೇ ನಡೆಯಿತು. ಕೊನೆಗೆ ಆ ಮನೆಯಲ್ಲಿ ಹರಿದ ವಸ್ತು ಅಂತ ಒಂದೂ ಇರಲಿಲ್ಲ, ಮಾತು ಅಂತಲೂ ಇರಲಿಲ್ಲ. ಒಂದು ದಿನ ಅವಳು ಹೊಲಿಗೆ ಮಿಷಿನ್ನು, ಐದು ವರ್ಷದ ಮಗಳು, ಎರಡು ಪೆಟ್ಟಿಗೆ ತೆಗೆದುಕೊಂಡು ಅರ್ಧ ದಿನದ ಬಸ್ಸಿನ ದೂರಕ್ಕೆ, ಅಣ್ಣನ ಊರಿಗೆ ಹೊರಟುಹೋದಳು. ಜಗಳವಾಡಿ ಹೋಗಿದ್ದರೆ ಕಾರಣವಾದರೂ ಗೊತ್ತಾಗುತ್ತಿತ್ತು ಎಂದು ಮೇಸ್ತ್ರಿ ಎಷ್ಟೋ ದಿನ ತಲೆ ಕೆರೆದುಕೊಂಡ.

ವಿಚ್ಛೇದನಕ್ಕೆ ಮೊದಲು ಕೋರ್ಟಿನವರು ಇಬ್ಬರನ್ನೂ ಒಂದು ಮೇಜಿನ ಎದುರುಬದುರು ಕೂರಿಸಿ ಜೀವನಾಂಶ ತೀರ್ಮಾನಿಸಿದರು. ಹೆಂಡತಿಗೆ ತಿಂಗಳಿಗೆ ಇಷ್ಟು, ಮಗಳಿಗೆ ಇಷ್ಟು, ಓದಿಗೆ ಬೇರೆ, ಆಸ್ಪತ್ರೆ ಖರ್ಚು ಬಂದರೆ ಅರ್ಧರ್ಧ. ಮೇಸ್ತ್ರಿ ಎಲ್ಲದಕ್ಕೂ ತಲೆಯಾಡಿಸಿದ. ಮಗುವಿನ ಬಟ್ಟೆ, ಪಾದರಕ್ಷೆ ಎಂಬಲ್ಲಿಗೆ ಬಂದಾಗ ಮಾತ್ರ ಬಾಯಿ ತೆರೆದ.

"ಮಗಳ ಶೂ ದುಡ್ಡಲ್ಲಿ ಬೇಡ. ನಾನೇ ಮಾಡಿಕೊಡ್ತೀನಿ. ವರ್ಷಕ್ಕೆ ಎರಡು ಜೋಡಿ."

ಹೆಂಡತಿ ಯೋಚನೆ ಮಾಡಿ ಹೇಳಿದಳು: "ಹಾಗಾದ್ರೆ ಹಳೇ ಜೋಡಿ ವಾಪಸ್ ತಗೊಂಡೇ ಹೊಸದು ಕೊಡ್ಲಿ. ನಾಳೆ ನಾಲ್ಕು ಕೊಟ್ಟೆ, ಆರು ಕೊಟ್ಟೆ ಅನ್ನೋ ಲೆಕ್ಕ ಬೇಡ."

ಹೀಗೆ ಏಳನೇ ಕಲಮು ಹುಟ್ಟಿತು: ಹಳೆಯ ಜೋಡಿ ವಾಪಸು ಕೊಡತಕ್ಕದ್ದು. ಅನುಮಾನದಿಂದ ಬರೆಸಿದ ಸಾಲು ಅದು. ಮುಂದೆ ಮೇಸ್ತ್ರಿಯ ಪಾಲಿಗೆ ಮಗಳ ಸುದ್ದಿ ಬರುವ ಒಂದೇ ದಾರಿ ಅದೇ ಆಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಮಗಳನ್ನು ನೋಡುವ ಹಕ್ಕೂ ಅವನಿಗೆ ಇತ್ತು, ಇಲ್ಲವೆಂದಲ್ಲ. ತಿಂಗಳಿಗೊಂದು ಶನಿವಾರ, ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಎರಡು ಗಂಟೆ. ನಾಲ್ಕು ಸಲ ಹೋದ. ಹೋಗಿ ಮಗಳ ಲೇಸು ಬಿಚ್ಚಿ ಕಟ್ಟಿದ, ಮತ್ತೆ ಬಿಚ್ಚಿ ಕಟ್ಟಿದ, ತುಟಿ ಪಿಟಕ್ಕೆನ್ನಲಿಲ್ಲ. ನಾಲ್ಕನೆಯ ಸಲ ಮಗು ಅಲ್ಲಿನ ಆಯಾಳ ಕಿವಿಯಲ್ಲಿ, "ಈ ಅಪ್ಪಂಗೆ ಮಾತು ಬರಲ್ವಾ?" ಎಂದು ಕೇಳಿದ್ದು ಇವನಿಗೂ ಕೇಳಿಸಿತು. ಐದನೆಯ ಶನಿವಾರ ಅವನು ಹೋಗಲಿಲ್ಲ. ಮಗುವಿಗೆ ಅಷ್ಟು ದೂರದ ಬಸ್ ಪ್ರಯಾಣ ಕಷ್ಟ ಎಂದು ಎಲ್ಲರಿಗೂ ಹೇಳಿದ. ಕಷ್ಟವೂ ಇಲ್ಲ, ಗಿಷ್ಟವೂ ಇಲ್ಲ. ಹೆದರಿದ್ದ, ಅಷ್ಟೇ.

ಅದಕ್ಕಿಂತ ಮೊದಲು ಇನ್ನೊಂದು ಬೆಪ್ಪು ಕೆಲಸ ಮಾಡಿದ್ದ. ಶೂ ಒಳಗೆ ಪಾದದಡಿಗೆ ಬರುವಂತೆ ತೆಳು ಚರ್ಮ ಅಂಟಿಸಿರುತ್ತಾರಲ್ಲ, ಆ ಒಳಅಟ್ಟೆಯ ಕೆಳಗೆ, ಮೊದಲ ಜೋಡಿಯಲ್ಲೇ, ಹೆಂಡತಿಗೆಂದು ಒಂದು ಚೀಟಿ ಇಟ್ಟಿದ್ದ. "ವಾಪಸ್ ಬಾ" ಎಂದು ಎರಡೇ ಪದ. ಬಟ್ಟೆ ಸಿಕ್ಕರೆ ಒಳಗಿನ ಹೊಲಿಗೆ ತಿರುಗಿಸಿ ನೋಡುವವಳು, ಶೂ ಸಿಕ್ಕರೂ ಒಳಅಟ್ಟೆ ಎತ್ತಿ ನೋಡಿಯೇ ನೋಡುತ್ತಾಳೆ ಎಂದು ಅವನ ಲೆಕ್ಕ. ಅವಳು ನೋಡಲಿಲ್ಲ. ನಾಲ್ಕು ಮಡಿಕೆಯ ಚೀಟಿಯ ಮೇಲೆ ಮಗು ಮೂರು ದಿನ ನಡೆದು ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡಿತು. ಆಗ ಶೂ ಕೆದಕಿ ಚೀಟಿ ಕಂಡ ಅವಳು ಸಿಟ್ಟಿನಿಂದ ಕೋರ್ಟಿಗೆ ಬಂದು ಕಲಮಿಗೆ ಬಾಲ ಸೇರಿಸಿದಳು. ಶೂ ಒಳಗೆ ಶೂ ಬಿಟ್ಟು ಬೇರೇನೂ ಇರಕೂಡದು. ಅವಳು ಬರುವುದು ಮಂಗಳವಾರ, ಅವನು ಬರುವುದು ಬುಧವಾರ, ಇಬ್ಬರೂ ಎದುರಾಗಕೂಡದು. ತಪ್ಪಿದರೆ ಶೂ ರದ್ದು, ಬದಲಿಗೆ ನಗದು.

ಕೋರ್ಟಿನ ಜೀವನಾಂಶದ ಕಿಟಕಿಯ ಹಿಂದೆ ಕೂರುವ ಗುಮಾಸ್ತೆಯನ್ನು ಎಲ್ಲರೂ ಕಿಟಕಿ ಮೇಡಂ ಎನ್ನುತ್ತಿದ್ದರು. ಜೂನಿನಲ್ಲಿ, ಡಿಸೆಂಬರಿನಲ್ಲಿ ಒಂದು ಮಂಗಳವಾರ ತಾಯಿ ಬಂದು ಹಳೆಯ ಜೋಡಿಯನ್ನೂ ಕಾಗದದ ಮೇಲೆ ಬರೆದ ಮಗಳ ಪಾದದ ಗೆರೆಯನ್ನೂ ಮೇಡಂ ಕೈಗೆ ಕೊಟ್ಟು ಹೋಗುತ್ತಿದ್ದಳು. ಬುಧವಾರ ಮೇಸ್ತ್ರಿ ಅದನ್ನು ಒಯ್ಯುತ್ತಿದ್ದ. ಎರಡು ವಾರದಲ್ಲಿ ಹೊಸ ಜೋಡಿ ತಂದಿಡುತ್ತಿದ್ದ, ಮುಂದಿನ ಮಂಗಳವಾರ ಅವಳು ಒಯ್ಯುತ್ತಿದ್ದಳು. ಅಲ್ಲಿಯವರೆಗೆ ಹುಡುಗಿ ಚಪ್ಪಲಿಯಲ್ಲೇ ಓಡಾಡಬೇಕು.

"ಮಗಳು ಹೇಗಿದಾಳಂತೆ ಮೇಡಂ?" ಎಂದು ಮೇಸ್ತ್ರಿ ಪ್ರತಿ ಸಲವೂ ಕೇಳುತ್ತಿದ್ದ.

"ನನ್ ಕಿಟಕಿಗೆ ಶೂ ಬರುತ್ತೆ ಮೇಸ್ತ್ರಿ, ಮಗಳು ಬರಲ್ಲ. ಇಲ್ಲಿ ಸೈನ್ ಹಾಕಿ."

ಸರಿ, ಶೂವನ್ನೇ ಕೇಳಿದರಾಯಿತು ಎಂದು ಅವನು ತೀರ್ಮಾನಿಸಿದ. ಬುಧವಾರ ಅಂಗಡಿಗೆ ಬಂದವನೇ ಅರ್ಧ ಬಾಗಿಲು ಎಳೆದು, ಹಳೆಯ ಜೋಡಿಯನ್ನು ದೀಪದಡಿ ಇಟ್ಟು ನೋಡಲು ಕೂರುತ್ತಿದ್ದ. ಮೊದಲ ಒಂದೆರಡು ಜೋಡಿಗಳಲ್ಲಿ ಮರಳು ಸಿಕ್ಕಿತು: ಮಣ್ಣಾಟದ ವಯಸ್ಸು. ಮೂರನೆಯದರ ಹಿಂಭಾಗ ಜಜ್ಜಿಹೋಗಿತ್ತು: ಲೇಸು ಬಿಚ್ಚದೆ ಕಾಲು ತೂರಿಸುವ ಸೋಮಾರಿ, ಥೇಟ್ ಅಪ್ಪ. ಅದನ್ನು ನೋಡಿ ಅವನು ಒಬ್ಬನೇ ಕೂತು ನಕ್ಕ. ನಾಲ್ಕನೆಯದರ, ಐದನೆಯದರ ಎರಡೂ ಮುಂತುದಿ ಕೆರೆದು ಬಿಳುಚಿಕೊಂಡಿತ್ತು. ಇದೇನಿರಬಹುದು ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡ. ಕೊನೆಗೆ ಹೊಳೆಯಿತು, ಸೈಕಲ್. ಬ್ರೇಕಿಲ್ಲದ ಸೈಕಲ್ಲನ್ನು ಕಾಲು ಕೆರೆದು ನಿಲ್ಲಿಸುತ್ತಾಳೆ. ಅಂದಿನಿಂದ ಗಿರಾಕಿಗಳಿಗೆಲ್ಲ "ನಮ್ಮ ಹುಡುಗಿ ಸೈಕಲ್ ಮೇಲೆ ಗಾಳಿ ಥರ ಹೋಗ್ತಾಳೆ" ಎಂದು ಹೇಳಿಕೊಂಡು ತಿರುಗಿದ. ಜೋಡಿಗಳಿಗೆ ತಾರೀಖಿನ ಚೀಟಿ ಕಟ್ಟಿ ಮೇಲಿನ ಹಲಗೆಯಲ್ಲಿ ಸಾಲಾಗಿ ಇಟ್ಟ. ಮಗಳ ಅಚ್ಚು ಮಾತ್ರ ಒಂದೇ. ಕಾಲು ಬೆಳೆದ ಹಾಗೆ ಅದೇ ಅಚ್ಚಿನ ಮೇಲೆ ಚರ್ಮದ ಪದರ ಏರಿಸುತ್ತ ಹೋದ.

ಅವನಿಗೆ ಬಗೆಹರಿಯದ ಸಂಗತಿ ಒಂದಿತ್ತು. ಎರಡನೆಯ ಜೋಡಿಯಿಂದ ಹಿಡಿದು ಪ್ರತಿಯೊಂದರಲ್ಲೂ ಒಳಅಟ್ಟೆ ಹಿಮ್ಮಡಿಯ ಮೂಲೆಯಲ್ಲಿ ಕಿತ್ತುಬರುತ್ತಿತ್ತು. ಎರಡೂ ಕಾಲಿನದು, ಪ್ರತಿ ಸಲ, ಅದೇ ಮೂಲೆ. ಬೇರೆ ಯಾವ ಗಿರಾಕಿಯ ಶೂನಲ್ಲೂ ಹಾಗಾದದ್ದಿಲ್ಲ. ಗೋಂದಿನ ಅಂಗಡಿಯವನ ಜೊತೆ ಕಿತ್ತಾಡಿದ. ಗೋಂದು ಬದಲಾಯಿಸಿದ. ಆಮೇಲೆ ಇನ್ನೊಮ್ಮೆ ಬದಲಾಯಿಸಿದ. ಮೂರನೆಯ ಸಲ, ಚರ್ಮ ಹರಿದರೂ ಅಂಟು ಬಿಡದ ಗೋಂದು ತಂದ. ಅದೂ ಕಿತ್ತುಬಂತು. ಹುಡುಗಿಯ ಪಾದ ಜಾಸ್ತಿ ಬೆವರುತ್ತದೇನೋ ಎಂದು ಸಮಾಧಾನ ಮಾಡಿಕೊಂಡ.

ಮಗಳಿಗೆ ಹನ್ನೊಂದು ತುಂಬಿದ ಜೂನಿನಲ್ಲಿ ಹನ್ನೆರಡನೆಯ ಜೋಡಿ ಬಂತು. ದೀಪದಡಿ ಇಟ್ಟ ಕೂಡಲೇ ಮೇಸ್ತ್ರಿ ಅದನ್ನು ತಿರುವಿ ಹಿಡಿದ. ಬಲಗಾಲಿನ ಹಿಮ್ಮಡಿ ಹೊರಗಡೆಗೆ ಸವೆದಿತ್ತು, ಎಡಗಾಲಿನದು ಒಳಗಡೆಗೆ. ಹಲಗೆಯಿಂದ ಹಿಂದಿನ ಜೋಡಿ ಇಳಿಸಿ ನೋಡಿದ. ಅದರಲ್ಲೂ ಇತ್ತು, ಸ್ವಲ್ಪ. ಅದರ ಹಿಂದಿನದರಲ್ಲಿ ಇರಲಿಲ್ಲ. ಮಗಳು ಬಲಕ್ಕೆ ವಾಲುತ್ತಿದ್ದಾಳೆ.

ಈಗ ಏನು ಮಾಡಬೇಕು? ನಿಮಗೆ ನನಗೆ ಕೇಳಿದರೆ, ತಾಯಿಗೆ ಒಂದು ಮಾತು ತಿಳಿಸಬೇಕು ಎನ್ನುತ್ತೇವೆ. ಮೇಸ್ತ್ರಿಗೆ ಕಲಮು ನೆನಪಾಯಿತು. ಎದುರಾದರೆ ಶೂ ರದ್ದು. ಶೂ ರದ್ದಾದರೆ ಮಗಳು ಏನಾಡುತ್ತಾಳೆ, ಹೇಗೆ ನಡೆಯುತ್ತಾಳೆ, ಒಂದೂ ಗೊತ್ತಾಗುವುದಿಲ್ಲ. ಅವನು ಎಂದಿನಂತೆ ಮಾಡಿದ. ಬಾಯಿ ಬಿಡದೆ ಸರಿಮಾಡಲು ಕೂತ. ಹದಿಮೂರನೆಯ ಜೋಡಿಯ ಬಲಗಾಲಿನ ಒಳಅಟ್ಟೆಯ ಕೆಳಗೆ, ಹಿಮ್ಮಡಿಯ ಭಾಗದಲ್ಲಿ, ಬೆರಳಿಗೂ ಗೊತ್ತಾಗದಂತೆ ಅಂಚು ಇಳಿಸಿದ ಒಂದು ಚರ್ಮದ ತುಂಡು ಕೂರಿಸಿದ. ಶೂ ಒಳಗೆ ಶೂ ಬಿಟ್ಟು ಬೇರೇನೂ ಇರಕೂಡದು ಎಂಬುದಕ್ಕೆ ಇದು ವಿರುದ್ಧವಲ್ಲ, ಚರ್ಮವೂ ಶೂನ ಭಾಗವೇ ಎಂದು ತನಗೆ ತಾನೇ ವಾದಿಸಿಕೊಂಡ.

ಆರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾದ. ಡಿಸೆಂಬರಿನಲ್ಲಿ ಹದಿಮೂರನೆಯ ಜೋಡಿ ಬಂತು. ಎರಡೂ ಹಿಮ್ಮಡಿ ಸಮನಾಗಿ ಸವೆದಿದ್ದವು. ಮೇಸ್ತ್ರಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಒಳಗೆ ಕೈ ಹಾಕಿದರೆ ಒಳಅಟ್ಟೆ ಎಂದಿನಂತೆ ಕಿತ್ತುಬಂದಿತ್ತು, ಆದರೆ ಕೆಳಗಿದ್ದ ತುಂಡು ಇರಲಿಲ್ಲ. ತುಂಡಿಲ್ಲದೆ ಹಿಮ್ಮಡಿ ಹೀಗೆ ಸವೆಯುವುದು ಸಾಧ್ಯವಿಲ್ಲ. ಹಾಗಾದರೆ ಇಷ್ಟು ದಿನ ಇದ್ದದ್ದು ಕೊನೆಗೆ ಎಲ್ಲಿ ಹೋಯಿತು? ಶೂವನ್ನು ಅಲ್ಲಾಡಿಸಿದ, ಬ್ಯಾಗನ್ನು ಕೊಡವಿದ. ಸಿಗಲಿಲ್ಲ.

ಆ ವಾರವೇ ಮೂಳೆ ಡಾಕ್ಟರು ತಮ್ಮ ಅಗಲ ಪಾದಗಳಿಗೆ ಶೂ ಹೊಲಿಸಲು ಬಂದರು. ಅಳತೆ ಕೊಡುತ್ತ ನಿಂತವರ ಮುಂದೆ ಮೇಸ್ತ್ರಿ ಎರಡು ಜೋಡಿಯನ್ನೂ ಇಟ್ಟು, ತಾನು ವಾಲಿಕೆ ಸರಿಪಡಿಸಿದ ಕಥೆಯನ್ನು ಜಂಬದಿಂದ ಹೇಳಿದ. ಡಾಕ್ಟರು ಒಂಟಿ ಕಾಲಲ್ಲೇ ನಿಂತುಬಿಟ್ಟರು.

"ಯಾರ್ದು ಇದು?"

"ನನ್ನ ಮಗಳದ್ದು."

"ತಾಯಿಗೆ ಹೇಳಿದೀರಾ?"

"ಇಲ್ಲ. ಸರಿಹೋಯ್ತಲ್ಲ."

"ಏನು ಸರಿಹೋಯ್ತು? ಅಟ್ಟೆ ಏರಿಸಿದ್ರೆ ಹಿಮ್ಮಡಿ ಸರಿಹೋಗುತ್ತೆ. ಬೆನ್ನು ಸರಿಹೋಗುತ್ತಾ? ಬೆನ್ನುಮೂಳೆ ಬಾಗ್ತಾ ಇದ್ರೆ ಮೊದಲು ಕಾಣೋದೇ ಇಲ್ಲಿ. ಆ ಗುರುತನ್ನೇ ನೀವು ಅಳಿಸಿಹಾಕಿದೀರಿ. ಮೈ ಬೆಳೆಯೋ ವಯಸ್ಸು ಮೇಸ್ತ್ರಿ. ಈಗ ಹಿಡಿದ್ರೆ ಬೆನ್ನಿನ ಬೆಲ್ಟಲ್ಲಿ ನಿಲ್ಲುತ್ತೆ, ಬಿಟ್ರೆ ಆಪರೇಷನ್ನು. ಆರು ತಿಂಗಳು ಹಾಳು ಮಾಡಿ ನನ್ ಮುಂದೆ ಜಂಬ ಕೊಚ್ತೀರಲ್ಲ."

ಡಾಕ್ಟರು ಹೋದ ಮೇಲೆ ಮೇಸ್ತ್ರಿ ಬಹಳ ಹೊತ್ತು ಮಗಳ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನಿಗೆ ನಾಚಿಕೆಯಾಗಿತ್ತು, ಭಯವೂ ಆಗಿತ್ತು. ಹದಿನಾಲ್ಕನೆಯ ಜೋಡಿಯನ್ನು ಒಳಗೆ ಏನೂ ಇಡದೆ ಹೊಲಿದು ಮುಗಿಸಿದ. ಮಂಗಳವಾರ ಬೆಳಿಗ್ಗೆ ಹಲಗೆ ಖಾಲಿ ಮಾಡಿ, ಹದಿಮೂರು ಹಳೆಯ ಜೋಡಿಗಳನ್ನು ಎರಡು ಚೀಲಕ್ಕೆ ತುಂಬಿ, ಹೊಸ ಜೋಡಿಯ ಪೊಟ್ಟಣವನ್ನೂ ಹಿಡಿದುಕೊಂಡು ಕೋರ್ಟಿಗೆ ನಡೆದ.

ಕಿಟಕಿ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಇವತ್ತು ಮಂಗಳವಾರ ಮೇಸ್ತ್ರಿ."

"ಗೊತ್ತು."

"ಕಲಮೂ ಗೊತ್ತಲ್ಲ? ಆಯಮ್ಮ ಒಂದು ಅರ್ಜಿ ಬರೆದ್ರೆ ನಿಮ್ಮ ಶೂ ಕೆಲಸ ಮುಗೀತು."

"ಮುಗೀಲಿ ಬಿಡಿ."

ಬೆಂಚಿನ ಮೇಲೆ ಕೂತ. ಉದ್ದನೆಯ ಮೊಗಸಾಲೆಯಲ್ಲಿ ವಕೀಲರು, ಕಡತ ಹೊತ್ತವರು, ಬೀಡಾಡಿಗಳು ಓಡಾಡುತ್ತಿದ್ದರು. ಮೇಸ್ತ್ರಿ ತಲೆ ತಗ್ಗಿಸಿ ಕಾಲುಗಳ ಸಪ್ಪಳ ಕೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಒಂದು ಜೊತೆ ಚಪ್ಪಲಿ ಸಪ್ಪಳ ಬಂತು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆಲ್ಲಗೆ. ಅವನು ತಲೆಯೆತ್ತುವ ಮೊದಲೇ ಎದ್ದು ನಿಂತಿದ್ದ. ಶಾಲೆಗೆ ರಜೆಯಿದ್ದುದರಿಂದ ತಾಯಿಯ ಜೊತೆ ಮಗಳೂ ಬಂದಿದ್ದಳು. ಅವನ ಭುಜದೆತ್ತರದ, ಎರಡು ಜಡೆಯ ಹುಡುಗಿ. ಮುಖ ಅವನಿಗೆ ಹೊಸದು. ಪಾದ ಮಾತ್ರ ಬೆರಳು ಬೆರಳೂ ಗೊತ್ತಿದ್ದ ಪಾದ.

ತಾಯಿ ಅಲ್ಲೇ ನಿಂತಳು. "ಏನಿದು? ದುಡ್ಡು ಕಡಿಮೆ ಮಾಡಿಸೋಕೆ ಬಂದಿದೀರಾ?"

"ಇಲ್ಲ. ಒಂದು ಐದು ನಿಮಿಷ ಇದನ್ನ ನೋಡು."

ಅವನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಹದಿಮೂರು ಜೋಡಿಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟ. ಅಂಗೈ ಉದ್ದದ್ದರಿಂದ ಗೇಣು ಮೀರಿದ್ದರವರೆಗೆ. ಓಡಾಡುತ್ತಿದ್ದ ವಕೀಲರೂ ನಿಂತು ನೋಡಿದರು. ಎಂಟು ವರ್ಷದ ಸಂಸಾರದಲ್ಲಿ ಆಡದಿದ್ದಷ್ಟು ಮಾತನ್ನು ಮೇಸ್ತ್ರಿ ಆ ಮೊಗಸಾಲೆಯಲ್ಲಿ ಆಡಿದ. ಇದು ಮರಳಲ್ಲಿ ಆಡಿದ್ದು. ಇದು ಲೇಸು ಬಿಚ್ಚದೆ ಹಾಕಿಕೊಂಡದ್ದು. ಇದು ಸೈಕಲ್ ಕಲಿತದ್ದು.

"ಸೈಕಲ್ಲಾ?" ಎಂದಳು ತಾಯಿ. "ಯಾವ ಸೈಕಲ್? ನಮ್ಮನೇಲಿ ಸೈಕಲ್ಲೇ ಇಲ್ಲ. ನನ್ನ ಮಿಷಿನ್ ಕೆಳಗೆ ಮಂಡಿಯೂರಿ ಬಿದ್ದ ಗುಂಡಿ, ಸೂಜಿ ಆರಿಸಿಕೊಡ್ತಿದ್ಲು. ಅದಕ್ಕೆ ಮುಂತುದಿ ಕೆರೆದಿದ್ದು."

ವರ್ಷಗಟ್ಟಲೆ ಓಡಿಸಿದ ಸೈಕಲ್ಲಿನಿಂದ ಮೇಸ್ತ್ರಿ ಅಲ್ಲೇ ಇಳಿಯಬೇಕಾಯಿತು. ಆದರೂ ನಿಲ್ಲಿಸಲಿಲ್ಲ. ಹನ್ನೊಂದು, ಹನ್ನೆರಡನೆಯ ಜೋಡಿಗಳನ್ನು ತಿರುವಿ ಹಿಮ್ಮಡಿ ತೋರಿಸಿದ. ತುಂಡು ಇಟ್ಟದ್ದನ್ನೂ, ಡಾಕ್ಟರು ಬೈದದ್ದನ್ನೂ ಒಂದು ಬಿಡದೆ ಹೇಳಿದ. "ತಪ್ಪು ನಂದು. ಆಗ್ಲೇ ಬಂದು ಹೇಳ್ಬೇಕಿತ್ತು."

ಅವಳು ಬೈಯುತ್ತಾಳೆಂದು ಅವನು ಕಾದ. ಅವಳು ಬೆಂಚಿನ ಮೇಲೆ ಕುಸಿದು ಕೂತು, ಮಗಳನ್ನು ಹತ್ತಿರ ಕರೆದು, ಅವಳ ಲಂಗದ ಅಂಚನ್ನು ಕೈಯಲ್ಲಿ ಹಿಡಿದಳು.

"ಹೋದ ವರ್ಷದಿಂದ ಇವಳ ಲಂಗ ಬಲಗಡೆ ಇಳೀತಿತ್ತು. ನನ್ನ ಕತ್ತರಿ ತಪ್ಪಿದೆ ಅಂದ್ಕೊಂಡು ಆ ಕಡೆ ಅಂಚು ಮಡಚಿ ಹೊಲಿದೆ. ಎಲ್ಲಾ ಲಂಗಕ್ಕೂ ಹೊಲಿದೆ. ಜೂನಲ್ಲಿ ಹೊಸ ಶೂ ಹಾಕಿದ ಮೇಲೆ ಬಲಗಡೆನೇ ಮೇಲೇರ್ತು. ಮತ್ತೆ ಎಲ್ಲಾ ಬಿಚ್ಚಿ ಹೊಲಿದೆ. ಈ ಎರಡು ವಾರದಿಂದ ಮತ್ತೆ ಇಳೀತಿದೆ. ಯಾರಿಗೂ ಹೇಳ್ಲಿಲ್ಲ. ಹೇಳೋದೇನು, ನನ್ನ ಕೈ ಕೆಟ್ಟಿದೆ ಅಂತಾನಾ?"

ಕೆಳಗಿನಿಂದ ಅಪ್ಪ, ಮೇಲಿನಿಂದ ಅಮ್ಮ, ಅರ್ಧ ದಿನದ ಬಸ್ಸಿನ ದೂರದಲ್ಲಿ ಕೂತು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಬೆನ್ನನ್ನು ಚೆನ್ನಾಗಿ ಮುಚ್ಚಿಟ್ಟಿದ್ದರು. ಕಸುಬು ಕಲಿತವರ ಕೈ ಅಷ್ಟು ಅಚ್ಚುಕಟ್ಟು.

"ಡಾಕ್ಟರು ಇವತ್ತು ಇರ್ತಾರಾ?" ಎಂದು ಅವಳು ಕೇಳಿದಳು.

"ಇರ್ತಾರೆ. ಇಲ್ಲೇ, ಎರಡು ಬೀದಿ."

ಕಿಟಕಿಯೊಳಗಿನಿಂದ ಮೇಡಂ ಕತ್ತು ಉದ್ದ ಮಾಡಿದರು. "ಆಸ್ಪತ್ರೆ ಖರ್ಚು ಒಂಬತ್ತನೇ ಕಲಮು, ಅರ್ಧರ್ಧ. ಅದು ಸರಿ, ಇವರು ಮಂಗಳವಾರ ಬಂದಿದ್ದನ್ನ ನಾನು ಬರೀಬೇಕಾ?"

"ಶೂ ಬಂತು, ತಗೊಂಡೆ ಅಂತ ಬರೀರಿ ಮೇಡಂ, ಸಾಕು" ಎಂದಳು ತಾಯಿ.

ಡಾಕ್ಟರು ಹುಡುಗಿಯನ್ನು ಬಗ್ಗಿಸಿ, ನಿಲ್ಲಿಸಿ, ಚಿತ್ರ ತೆಗೆಸಿ ನೋಡಿದರು. ಬೆನ್ನು ಬಾಗಲು ಶುರುವಾಗಿತ್ತು. ಇನ್ನೂ ಕೈಮೀರಿರಲಿಲ್ಲ. ಬೆಳವಣಿಗೆ ಮುಗಿಯುವವರೆಗೆ ಬೆಲ್ಟು ಹಾಕಬೇಕು, ಮೂರು ತಿಂಗಳಿಗೊಮ್ಮೆ ಬರಬೇಕು. ಬೆಲ್ಟಿನ ಅಳತೆಯ ವಿಷಯ ಮಾತಾಡಲು ತಾಯಿಯನ್ನು ಒಳಗೇ ಕೂರಿಸಿಕೊಂಡರು. ಹೊರಗಿನ ಬೆಂಚಿನ ಮೇಲೆ ಅಪ್ಪ, ಮಗಳು. ನಡುವೆ ಹದಿನಾಲ್ಕನೆಯ ಜೋಡಿಯ ಪೊಟ್ಟಣ.

ಮೇಸ್ತ್ರಿ ಎಂದಿನಂತೆ ಅವಳ ಕಾಲು ನೋಡುತ್ತ ಕೂತಿದ್ದ. ಮಕ್ಕಳ ಕೋಣೆಯ ಆ ನಾಲ್ಕು ಶನಿವಾರಗಳಲ್ಲೂ ಹೀಗೇ ಕೂತಿದ್ದ. ಹುಡುಗಿ ಚೀಲದಿಂದ ಪೆನ್ಸಿಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಅವನ ಚರ್ಮದ ತುಂಡು ಇತ್ತು.

"ಇದು ನಂಗೇಂತ ಅಂದ್ಕೊಂಡೆ" ಎಂದಳು. "ಹಳೇ ಶೂ ವಾಪಸ್ ಕೊಡೋ ಹಿಂದಿನ ದಿನ ತೆಗೆದಿಟ್ಕೊಂಡೆ. ಬರೆದಿರೋದೇನಾದ್ರೂ ಇದೆಯಾ ಅಂತ ಎರಡೂ ಕಡೆ ನೋಡ್ದೆ. ಇರ್ಲಿಲ್ಲ."

"ಒಳಅಟ್ಟೆ ಕೆಳಗೆ ಇದು ಇರೋದು ನಿಂಗೆ ಹೇಗೆ ಗೊತ್ತಾಯ್ತು?"

"ನಂಗೆ ಬೊಬ್ಬೆ ಬಂದಿದ್ದು ಯಾಕೆ ಅಂತ ಅಮ್ಮ ಹೇಳಿದ್ಲು. ನೀನು ಚೀಟಿ ಇಟ್ಟಿದ್ದೆ ಅಂತ. ಅವತ್ತಿಂದ ಪ್ರತಿ ಸಲ ಹೊಸ ಶೂ ಬಂದಾಗ ಒಳಗೆ ಎತ್ತಿ ನೋಡ್ತಿದ್ದೆ. ಎರಡೂ ಕಾಲಿಂದೂ. ನಂಗೂ ಒಂದು ಇಟ್ಟಿರ್ತೀಯೇನೋ ಅಂತ."

ಮೇಸ್ತ್ರಿಯ ಬಾಯಿಂದ ಬಂದದ್ದು ಇಷ್ಟೇ: "ನಾನು ಗೋಂದು ಸರಿ ಇಲ್ಲ ಅಂದ್ಕೊಂಡು ಮೂರು ಸಲ ಬದಲಾಯಿಸ್ದೆ."

"ಗೋಂದು ಗಟ್ಟಿನೇ ಇತ್ತಪ್ಪ" ಎಂದಳು ಮಗಳು. "ಕೊನೆಕೊನೆಗಂತೂ ಉಗುರೇ ಕಿತ್ತುಬರ್ತಿತ್ತು."

ಅವನು ಆಗ ಕಾಲು ಬಿಟ್ಟು ಅವಳ ಕೈ ನೋಡಿದ.